ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಕಾರ್ಡು ಮಾತ್ರ ಕೂಡಿಸ್ತಾ ಇದೀವಿ, ಮುಂದೆ ಹೇಗೆ ಮಾಡೋದು ಹೇಳಿ

ಸನ್ನಿವೇಲ್_ಹಾಸನ

ಎಲ್ರಿಗೂ ನಮಸ್ಕಾರ. ಬೇಸ್‌ಬಾಲ್ ಕಾರ್ಡು ಕೂಡಿಸೋ ಕನ್ನಡದವ್ರು ಯಾರಾದ್ರೂ ಇಲ್ಲಿದ್ರೆ ಸ್ವಲ್ಪ ದಾರಿ ತೋರಿಸಿ.

ನಾನು ಹಾಸನದವನು, ಬೇ ಏರಿಯಾಗೆ ಬಂದು ಒಂಬತ್ತು ವರ್ಷ ಆಯ್ತು, ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದೋನೇ ಅಲ್ಲ. 2024ರ ಜೂನ್ ಕೊನೇಲಿ ಆಫೀಸಲ್ಲಿ ಯಾರೋ ಟಿಕೆಟ್ ಕೊಟ್ರು ಅಂತ ಮಗಳನ್ನ ಕರ್ಕೊಂಡು ಕ್ಯಾಲ್‌ಟ್ರೇನಲ್ಲಿ ಜೈಂಟ್ಸ್ ಟೀಮಿನ ಸ್ಟೇಡಿಯಂ ಒರಾಕಲ್ ಪಾರ್ಕಿಗೆ ಹೋದೆ. ಗೇಟಿನ ಮುಂದೆ ವಿಲ್ಲಿ ಮೇಸ್ ಪ್ರತಿಮೆ ಇದೆಯಲ್ಲ, ಅದರ ಬುಡದ ತುಂಬಾ ಹೂವು, ಟೋಪಿ, ಚೀಟಿ, ಅವರು ತೀರ್ಕೊಂಡು ಆಗಿನ್ನೂ ವಾರ ಕಳೆದಿತ್ತು ಅಷ್ಟೇ. ಮಗಳು ಈ ಅಜ್ಜ ಯಾರಪ್ಪ ಅಂತ ಕೇಳಿದ್ಲು, ನನಗೆ ಗೊತ್ತಿರ್ಲಿಲ್ಲ, ಅಲ್ಲೇ ನಿಂತು ಫೋನಲ್ಲಿ ಓದಿ ಓದಿ, ಜೈಂಟ್ಸಿನ ಹಳೇ ಕಾಲದ ದೊಡ್ಡ ಆಟಗಾರ ಅಂತ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಒಬ್ರು ವಯಸ್ಸಾದವ್ರು ಅದನ್ನ ನೋಡಿ ತಮ್ಮ ಪರ್ಸಿಂದ ಮೂಲೆಯೆಲ್ಲ ಸವೆದು ದುಂಡಗಾಗಿದ್ದ ಒಂದು ಮೇಸ್ ಕಾರ್ಡ್ ತೆಗೆದು ಅವಳ ಕೈಗೆ ಕೊಟ್ರು, ನೋಡಿ ವಾಪಸ್ ಕೊಡು ಅಂತ, ಹುಡುಗನಾಗಿದ್ದಾಗಿಂದ ಇಟ್ಕೊಂಡಿದೀನಿ ಅಂದ್ರು. ಅವಳು ಎರಡೂ ಕೈಲಿ ಹಿಡ್ಕೊಂಡು ನೋಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂಗಿದೆ. ಮನೆಗೆ ಬರೋ ಟ್ರೇನಲ್ಲೇ ತೀರ್ಮಾನ ಆಯ್ತು, ಕಾರ್ಡ್ ಕೂಡಿಸ್ಬೇಕು, ಜೈಂಟ್ಸ್ ಮಾತ್ರ.

ಅವಳಿಗೆ ಈಗ ಹನ್ನೊಂದು, ಹುಚ್ಚು ಸ್ವಲ್ಪಾನೂ ಕಮ್ಮಿ ಆಗಿಲ್ಲ. ಆದ್ರೆ ನಾವು ಮಾಡ್ತಿರೋ ರೀತಿ ಸರಿಯಿಲ್ಲ ಅನ್ಸತ್ತೆ. ಅಂಗಡಿಲಿ ಟಾಪ್ಸ್ ಅನ್ನೋ ಕಂಪನಿಯ ಕಾರ್ಡ್ ಡಬ್ಬಿ ಸಿಗತ್ತಲ್ಲ, ಅದನ್ನ ತಂದು ಒಡೆಯೋದು, ಈ ವರ್ಷ ಮೂರು ಡಬ್ಬಿ ಒಡೆದ್ವಿ, ಅಷ್ಟರಲ್ಲಿ ಜೈಂಟ್ಸ್ ಬಂದಿದ್ದು ಏಳೇ ಏಳು, ಅದ್ರಲ್ಲೂ ಎರಡು ಡಬಲ್. ಮಿಕ್ಕಿದ್ದೆಲ್ಲ ಶೂ ಡಬ್ಬಿಲಿ ಬಿದ್ದಿದೆ, ನಮ್ಮ ಎದುರಾಳಿ ಟೀಮು ಡಾಡ್ಜರ್ಸ್ ಕಾರ್ಡೇ ಮೂವತ್ತರ ಹತ್ತಿರ ಬಂದಿರ್ಬೇಕು, ಅದನ್ನ ನೋಡಿದ್ರೇ ಅವಳಿಗೆ ಬೇಜಾರು.

ಇನ್ನೊಂದು ವಿಷಯ. ಅವಳ ಹುಟ್ಟಿದಹಬ್ಬಕ್ಕೆ ಅಂತ ಆನ್‌ಲೈನಲ್ಲಿ ಒಬ್ಬ ಮಾರೋನ ಹತ್ರ 1952ರ ಟಾಪ್ಸ್ ವಿಲ್ಲಿ ಮೇಸ್ ಕಾರ್ಡ್ ತಗೊಂಡೆ, ಹಳೇ ಕಾರ್ಡ್ ಅಂತಷ್ಟೇ ಬರೆದಿದ್ದ, ಬೆಲೆ ಕಮ್ಮಿ ಇತ್ತು, ನಾನೂ ಜಾಸ್ತಿ ಯೋಚನೆ ಮಾಡ್ಲಿಲ್ಲ. ಬಂದ ಮೇಲೆ ನೋಡಿದ್ರೆ ಎಪ್ಪತ್ತು ವರ್ಷದ ಕಾಗದ ಅನ್ನೋ ಹಾಗೇ ಇಲ್ಲ, ಅಂಚು ಬೆಳ್ಳಗೆ, ಬಣ್ಣ ಹೊಳೀತಿದೆ. ಮಗಳಿಗಿನ್ನೂ ಕೊಟ್ಟಿಲ್ಲ. ಅಸಲಿಯೋ ಅಲ್ವೋ ಮನೇಲೇ ನೋಡೋಕೆ ಆಗತ್ತಾ?

ಆಮೇಲೆ ಮನೇಲಿ ಒಂದು ಚರ್ಚೆ ನಡೀತಿದೆ, ಜೈಂಟ್ಸ್ ಮೊದಲು ನ್ಯೂಯಾರ್ಕಲ್ಲಿ ಇದ್ರಂತಲ್ಲ, ಆ ಕಾರ್ಡುಗಳು ಲೆಕ್ಕಕ್ಕೆ ಬರತ್ತಾ? ಬ್ಯಾರಿ ಬಾಂಡ್ಸ್ ಜೈಂಟ್ಸಿಗೆ ಬರೋ ಮುಂಚೆ ಪೈರೇಟ್ಸ್ ಅನ್ನೋ ಟೀಮಿನ ಡ್ರೆಸ್ಸಲ್ಲಿರೋ ಕಾರ್ಡ್ ಬರತ್ತಾ? ಅವಳು ಬರಲ್ಲ ಅಂತಾಳೆ, ನಾನು ಬರತ್ತೆ ಅಂತೀನಿ. ಇಡೋದು ಹೇಗೆ ಅನ್ನೋದನ್ನೂ ಹೇಳಿ, ಈಗ ಸದ್ಯಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದೀವಿ.

ನಾನು ಚಿಕ್ಕವನಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಸ್ತಿದ್ದೆ, ಬಿಗ್ ಫನ್ ಬಬಲ್ ಗಮ್ ಜೊತೆ ಬರ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳನ್ನೂ ಕೂಡಿಸಿದ್ದೆ, ಅದಕ್ಕೇ ಏನೋ ಇವಳ ಈ ಆಸೆ ನನಗೆ ಚೆನ್ನಾಗಿ ಅರ್ಥ ಆಗತ್ತೆ. ಸರಿಯಾಗಿ ಮಾಡಿಕೊಡ್ಬೇಕು ಅಂತ ಆಸೆ.

---

ಫ್ರೀಮಾಂಟ್_24

ಸರ್, ರಬ್ಬರ್ ಬ್ಯಾಂಡ್ ಇವತ್ತೇ ತೆಗೆದುಬಿಡಿ, ಈ ಪೋಸ್ಟ್ ಆಮೇಲೆ ಓದಿದ್ರೂ ಪರವಾಗಿಲ್ಲ. ಅಂಚಲ್ಲಿ ಕಚ್ಚು ಬಿತ್ತು ಅಂದ್ರೆ ಮತ್ತೆ ಸರಿ ಹೋಗಲ್ಲ.

ನಾನು 1998ರಲ್ಲಿ ಇಲ್ಲಿಗೆ ಬಂದಿದ್ದು, ಜೈಂಟ್ಸ್ ಕಾರ್ಡ್ ಮಾತ್ರ ಕೂಡಿಸೋಕೆ ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯ್ತು. ಮೊದಲು ಡಬ್ಬಿ ವಿಷಯ ಹೇಳ್ತೀನಿ. ಲೀಗಲ್ಲಿ 30 ಟೀಮು. 2024ರ ಟಾಪ್ಸ್ ಮೊದಲ ಕಂತು, ಅಂದ್ರೆ ಸೀರೀಸ್ ಒನ್‌ನಲ್ಲಿ 350 ಕಾರ್ಡು, ಅಂದ್ರೆ ಒಂದು ಟೀಮಿಗೆ ಸುಮಾರು ಹನ್ನೊಂದು ಹನ್ನೆರಡು. ನೀವು ಡಬ್ಬಿ ಒಡೆದಾಗ ಕೊಟ್ಟ ದುಡ್ಡಲ್ಲಿ ಮೂವತ್ತರಲ್ಲಿ ಒಂದು ಪಾಲು ಮಾತ್ರ ನಿಮ್ಮ ಟೀಮಿಗೆ, ಇಪ್ಪತ್ತೊಂಬತ್ತು ಪಾಲು ಬೇರೆಯೋರಿಗೆ. ಡಬ್ಬಿ ಒಡೆಯೋ ಖುಷಿ ಬೇರೆ, ಅದನ್ನ ವರ್ಷಕ್ಕೊಂದ್ಸಲ ಸೀಸನ್ ಶುರು ಆದಾಗ ಹಬ್ಬದ ಥರ ಇಟ್ಕೊಳ್ಳಿ. ಕೂಡಿಸೋಕೆ ಮಾತ್ರ ಬಿಡಿ ಕಾರ್ಡೇ ತಗೊಳ್ಳಿ. ಆ ವರ್ಷದ ಸೀರೀಸ್ ಒನ್, ಸೀರೀಸ್ ಟೂ, ಅಪ್‌ಡೇಟ್ ಮೂರರಲ್ಲೂ ಇರೋ ಜೈಂಟ್ಸ್ ಕಾರ್ಡನ್ನೆಲ್ಲ ಒಟ್ಟಿಗೆ ಕಟ್ಟಿ ಟೀಮ್ ಸೆಟ್ ಅಂತ ಮಾರ್ತಾರೆ, ಒಂದು ಡಬ್ಬಿಗಿಂತ ಕಮ್ಮಿ ದುಡ್ಡಿಗೆ ಇಡೀ ವರ್ಷ ಮುಗಿಯತ್ತೆ.

ಟ್ರೇಡಿಂಗ್ ಕಾರ್ಡ್ ಡೇಟಾಬೇಸ್ ಅಂತ ಒಂದು ವೆಬ್‌ಸೈಟ್ ಇದೆ, ದುಡ್ಡು ಕೊಡೋ ಹಾಗಿಲ್ಲ, ಟೀಮು, ವರ್ಷ ಹಾಕಿದ್ರೆ ಪೂರ್ತಿ ಪಟ್ಟಿ ಬರತ್ತೆ, ಇರೋದಕ್ಕೆ ಟಿಕ್ ಹಾಕ್ತಾ ಹೋಗೋದು. ಮಗಳ ಕೈಲೇ ಮಾಡಿಸಿ. ಕಾರ್ಡ್ ಶೋಗಳಲ್ಲಿ ಮೇಜಿನ ಕೆಳಗೆ ಉದ್ದುದ್ದ ಬಿಳೀ ರಟ್ಟಿನ ಡಬ್ಬಿ ಇಟ್ಟಿರ್ತಾರೆ, ಹತ್ತು ಸೆಂಟು, ಇಪ್ಪತ್ತೈದು ಸೆಂಟು ಒಂದಕ್ಕೆ, ನೆಲದ ಮೇಲೆ ಕೂತು ಹುಡುಕ್ಬೇಕು. ಗಾಜಿನ ಪೆಟ್ಟಿಗೇಲಿ ಇಟ್ಟಿರೋದನ್ನ ನೋಡ್ಕೊಂಡು ಬನ್ನಿ, ಆದ್ರೆ ಟೀಮ್ ಕೂಡಿಸೋರ ಜಾಗ ಆ ಕೆಳಗಿನ ಡಬ್ಬಿಗಳೇ.

ಹಳೇದಕ್ಕೆ ಹೋಗೋ ಮನಸ್ಸಿದ್ರೆ 1987ರಿಂದ 1993ರ ತನಕ ಮೊದಲು ಮಾಡಿ. ಆಗ ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದ್ವು, ಜನ ಇದು ಮುಂದೆ ಬಂಗಾರ ಆಗತ್ತೆ ಅಂತ ಗ್ಯಾರೇಜ್ ತುಂಬಿಸ್ಕೊಂಡ್ರು, ಅದೆಲ್ಲ ಹಾಗೇ ಉಳಿದಿದೆ, ಅದಕ್ಕೇ ಇವತ್ತಿಗೂ ಅಗ್ಗ. ನಮಗೆ ಅದು ಒಳ್ಳೇದೇ ಆಯ್ತು. 1987ರ ಟಾಪ್ಸಲ್ಲಿ ಅಂಚು ಮರದ ಹಲಗೆ ಥರ ಇರತ್ತೆ, ಹಳೇ ಕಾಲದ ರೇಡಿಯೋ ಪೆಟ್ಟಿಗೆ ನೆನಪಾಗತ್ತೆ ಅದನ್ನ ನೋಡಿದ್ರೆ, ಅದ್ರಲ್ಲಿ 420ನೇ ನಂಬರ್ ವಿಲ್ ಕ್ಲಾರ್ಕ್. 1989ರಲ್ಲಿ 47 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು ನ್ಯಾಷನಲ್ ಲೀಗ್ ಎಂವಿಪಿ, ಅಂದ್ರೆ ಆ ವರ್ಷದ ಅತ್ಯುತ್ತಮ ಆಟಗಾರ, ಆದ ಕೆವಿನ್ ಮಿಚೆಲ್ ಕಾರ್ಡು ಚಿಲ್ಲರೆ ಕಾಸಿಗೆ ಸಿಗತ್ತೆ. ಒಂದು ಹೊತ್ತಿನ ಹೋಟೆಲ್ ಊಟದ ದುಡ್ಡಲ್ಲಿ ಆ ಏಳು ವರ್ಷದ ಟೀಮ್ ಬಹುಪಾಲು ಆಗಿಹೋಗತ್ತೆ.

ನ್ಯೂಯಾರ್ಕ್ ಲೆಕ್ಕಕ್ಕೆ ಬರತ್ತಾ ಅಂದ್ರಲ್ಲ, ನನ್ನ ಬೈಂಡರ್ 1958ಕ್ಕೆ ಶುರು ಆಗತ್ತೆ. ಆ ವರ್ಷ ಜೈಂಟ್ಸ್, ಡಾಡ್ಜರ್ಸ್ ಇಬ್ರೂ ನ್ಯೂಯಾರ್ಕ್ ಬಿಟ್ಟು ಇತ್ತ ಬಂದ್ರು, ಜೈಂಟ್ಸ್ ಮೊದಲೆರಡು ವರ್ಷ ಸೀಲ್ಸ್ ಸ್ಟೇಡಿಯಮಲ್ಲಿ ಆಡಿ 1960ಕ್ಕೆ ಹೊಸ ಸ್ಟೇಡಿಯಂ ಕ್ಯಾಂಡಲ್‌ಸ್ಟಿಕ್‌ಗೆ ಹೋದ್ರು. 1958ರ ಟಾಪ್ಸಲ್ಲಿ 5ನೇ ನಂಬರ್ ಮೇಸ್, 343 ಒರ್ಲಾಂಡೋ ಸೆಪೇಡಾ, ಅದು ಸೆಪೇಡಾ ಅವರ ಮೊದಲ ಕಾರ್ಡು, ಆ ವರ್ಷವೇ ಅವರು ರೂಕಿ ಆಫ್ ದ ಇಯರ್, ಅಂದ್ರೆ ವರ್ಷದ ಅತ್ಯುತ್ತಮ ಹೊಸ ಆಟಗಾರ. ನ್ಯೂಯಾರ್ಕಿಂದು ಕೂಡಿಸೋರು ಇದಾರೆ, ತಪ್ಪೇನಿಲ್ಲ, ಆದ್ರೆ ಎಲ್ಲಾದ್ರೂ ಒಂದು ಗೆರೆ ಹಾಕಿದ್ರೆ ಮಾತ್ರ ಮುಗಿಸೋ ಆಸೆ ಹುಟ್ಟತ್ತೆ.

ಬಾಂಡ್ಸ್ ವಿಷಯದಲ್ಲಿ ನಾನು ನಿಮ್ಮ ಮಗಳ ಕಡೆ. ಕಾರ್ಡಿನ ಮೇಲೆ ಜೈಂಟ್ಸ್ ಅಂತ ಇದ್ರೆ ಮಾತ್ರ ಒಳಗೆ. 1987ರ ಟಾಪ್ಸ್ 320ನೇ ನಂಬರ್ ಬಾಂಡ್ಸ್ ಪೈರೇಟ್ಸ್, ಅದು ಹೊರಗೆ. ಅವರು ಇಲ್ಲಿಗೆ ಬಂದಿದ್ದು 1993ಕ್ಕೆ. ಆದ್ರೆ ಒಂದು ಕಾರ್ಡ್ ಹೇಳ್ತೀನಿ, 1969ರ ಟಾಪ್ಸ್ 630, ಅದು ಬಾಬಿ ಬಾಂಡ್ಸ್, ಬ್ಯಾರಿ ಅವರ ಅಪ್ಪ, ಅವರೂ ಜೈಂಟ್ಸಲ್ಲೇ ಶುರು ಮಾಡಿದ್ದು. ಬ್ಯಾರಿಗೆ ಮೇಸ್ ಗಾಡ್‌ಫಾದರ್. ನನ್ನ ಬೈಂಡರಲ್ಲಿ ಅಪ್ಪ, ಮಗ, ಮೇಸ್ ಮೂರೂ ಒಂದೇ ಹಾಳೇಲಿ ಅಕ್ಕಪಕ್ಕ ಇದೆ, ವರ್ಷದ ಕ್ರಮ ಮುರಿದಿರೋದು ಅದೊಂದು ಕಡೆ ಮಾತ್ರ.

ಈ ನಿಯಮ ಇಟ್ಕೊಂಡ್ರೆ ಒಂದೊಂದ್ಸಲ ಹೊಟ್ಟೆ ಉರಿಯತ್ತೆ. 1974ರ ವಿಲ್ಲಿ ಮೆಕ್‌ಕೋವಿ ಕಾರ್ಡ್ ತಗೊಳ್ಳಿ, 250ನೇ ನಂಬರ್. ಅವರನ್ನ ಆಗ ಸ್ಯಾನ್ ಡಿಯೇಗೋ ಪಾಡ್ರೆಸ್‌ಗೆ ಕೊಟ್ಟುಬಿಟ್ಟಿದ್ರು. ಆ ಚಳಿಗಾಲ ಪಾಡ್ರೆಸ್ ಟೀಮೇ ವಾಷಿಂಗ್ಟನ್ನಿಗೆ ಹೋಗತ್ತೆ ಅಂತ ಸುದ್ದಿ, ಟಾಪ್ಸಿನೋರು ಕೆಲವು ಕಾರ್ಡಲ್ಲಿ ವಾಷಿಂಗ್ಟನ್ ಅಂತಲೇ ಅಚ್ಚು ಹಾಕಿದ್ರು, ಕೊನೆಗೆ ಟೀಮು ಎಲ್ಲೂ ಹೋಗ್ಲಿಲ್ಲ. ಹಾಗಾಗಿ ಮೆಕ್‌ಕೋವಿ ಎರಡು ಥರ ಇದಾರೆ ಆ ವರ್ಷ, ಎರಡೂ ನನ್ನ ಬೈಂಡರಿಗೆ ಬರಲ್ಲ. 1977ಕ್ಕೆ ಅವರು ವಾಪಸ್ ಬಂದ್ರು, 1980ರಲ್ಲಿ ಇಲ್ಲೇ ಆಟ ಮುಗಿಸಿದ್ರು. ಬೈಂಡರ್ ತಿರುವ್ತಾ ಹೋದ್ರೆ ಆ ಮೂರು ವರ್ಷ ಅವರು ಇರಲ್ಲ, ಆಮೇಲೆ ಒಂದು ಹಾಳೇಲಿ ಮತ್ತೆ ಕಾಣಿಸ್ತಾರೆ. ನನಗೆ ಈಗಲೂ ಆ ಹಾಳೆ ಬಂದಾಗ ಮೈ ಜುಂ ಅನ್ನತ್ತೆ.

ಈಗ ನಿಮ್ಮ ಮೇಸ್ ಕಾರ್ಡು. ಸ್ಕೇಲ್ ತಗೊಂಡು ಅಳೀರಿ. ಈಗಿನ ಕಾರ್ಡೆಲ್ಲ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ, ಟಾಪ್ಸ್ ಈ ಅಳತೆಗೆ ಬಂದಿದ್ದು 1957ರಲ್ಲಿ. 1952ರದ್ದು ಅದಕ್ಕಿಂತ ದೊಡ್ಡದು, ಎತ್ತರ ಮೂರೂಮುಕ್ಕಾಲು ಇಂಚು ಇರಬೇಕು. ಟಾಪ್ಸಿನೋರೇ 1983ರಲ್ಲಿ ಆ 1952ರ ಸೆಟ್ಟನ್ನ ಮತ್ತೆ ಅಚ್ಚು ಹಾಕಿದ್ರು, 1997ರಲ್ಲಿ ಮೇಸ್ ಕಾರ್ಡುಗಳನ್ನ ಮಾತ್ರ ಇನ್ನೊಂದ್ಸಲ ಹಾಕಿದ್ರು, ಅವೆಲ್ಲ ಈಗಿನ ಅಳತೇಲಿವೆ. ನಿಮ್ಮದು ಅದ್ರಲ್ಲಿ ಒಂದಿರ್ಬೇಕು. ಅಳತೆ ಸರಿ ಬಂದ್ರೂ ನಂಬ್ಬೇಡಿ, ಒಂದು ಭೂತಗನ್ನಡಿ ಇಟ್ಟು ಕಪ್ಪು ಅಕ್ಷರ, ಕಪ್ಪು ಗೆರೆ ನೋಡಿ. ಅಸಲೀಲಿ ಕಪ್ಪು ಒಂದೇ ಸಮ ಗಟ್ಟಿಯಾಗಿ ಕೂತಿರತ್ತೆ. ಕಾರ್ಡಿನ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದ್ರೆ ಅಕ್ಷರದ ಒಳಗೂ ಸಣ್ಣ ಸಣ್ಣ ಬಣ್ಣದ ಚುಕ್ಕಿ ಕಾಣತ್ತೆ.

ಕೊನೇದಾಗಿ ಒಂದು ಮಾತು, ನನಗೆ ಇದೇ ಮುಖ್ಯ. ಸ್ಟಾರ್ ಆಟಗಾರರ ಹಿಂದೆ ಹೋಗ್ಬೇಡಿ. ಮೇಸ್, ಪೋಸಿ, ಲಿನ್ಸೆಕಮ್ ಎಲ್ರ ಹತ್ರಾನೂ ಇರ್ತಾರೆ. ಟೀಮ್ ಅಂದ್ರೆ ಹೆಸರು ಮರೆತುಹೋದವ್ರೂ ಸೇರಿ. 2014ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಮೇಲೆ ಒಂಬತ್ತನೇ ಇನ್ನಿಂಗ್ಸಲ್ಲಿ ಚೆಂಡನ್ನ ಬಲಗಡೆ ಗೋಡೆ ದಾಟಿಸಿ ನಮ್ಮನ್ನ ಸೀಸನ್ ಫೈನಲ್ಲಿಗೆ, ಅಂದ್ರೆ ವರ್ಲ್ಡ್ ಸೀರೀಸಿಗೆ ಕಳಿಸಿದ್ದು ಟ್ರಾವಿಸ್ ಇಶಿಕಾವಾ. ಆ ರಾತ್ರಿ ನಮ್ಮ ಬೀದೀಲಿ ಜನ ಮನೆಯಿಂದ ಹೊರಗೆ ಬಂದು ಕೂಗಿದ್ರು. ಅವರ ಜೈಂಟ್ಸ್ ಕಾರ್ಡು ಇಪ್ಪತ್ತೈದು ಸೆಂಟಿನ ಡಬ್ಬೀಲಿ ಸಿಗತ್ತೆ, ನನ್ನ ಹತ್ರ ಇರೋದ್ರಲ್ಲಿ ಮನೆಗೆ ಬಂದವ್ರಿಗೆಲ್ಲ ನಾನು ಮೊದಲು ತೋರಿಸೋದು ಅದನ್ನೇ.

---

ಹುಬ್ಬಳ್ಳಿ_ಟು_ಸಿಯಾಟಲ್

ನಮಸ್ಕಾರ್ರೀ. ನಾ ನಮ್ಮ ಸಿಯಾಟಲ್ ಟೀಮು ಮ್ಯಾರಿನರ್ಸ್ ಕೂಡಸಾಂವ, ಆದ್ರ ಇಡೂ ವಿಷಯ ಎಲ್ಲಾ ಟೀಮಿಗೂ ಒಂದ ಅಲ್ಲೇನ್ರಿ, ಅದನ್ನಷ್ಟ ಹೇಳ್ತೀನಿ. ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ.

ನಾ ಸುರು ಮಾಡಿದಾಗ ಯಾರೋ ಹಳೇ ಬೈಂಡರ್ ಒಂದು ಪುಕ್ಕಟೆ ಕೊಟ್ರು, ಒಂಬತ್ತು ಕಿಸೆದ ಪ್ಲಾಸ್ಟಿಕ್ ಹಾಳಿ ಸಮೇತ. 1989ರ ಅಪ್ಪರ್ ಡೆಕ್ ಕಂಪನಿ ಕೆನ್ ಗ್ರಿಫಿ ಜೂನಿಯರ್, ಆ ಸೆಟ್ಟಿನ ಒಂದನೇ ನಂಬರ್ ಕಾರ್ಡು, ಅದನ್ನ ಅದರಾಗ ಹಾಕಿ ಗ್ಯಾರೇಜಿನ್ಯಾಗ ಇಟ್ಟೆ. ಮೂರು ಬ್ಯಾಸಗಿ ಕಳದ ಮ್ಯಾಲೆ ತಗದ್ರ ಹಾಳಿ ಜಿಡ್ಡು ಬಿಟ್ಟಿತ್ರಿ, ಎಣ್ಣಿ ಕೈಲೆ ಮುಟ್ಟಿದಂಗ, ಕಾರ್ಡು ಒಳಗ ಅಂಟಿಕೊಂಡಿತ್ತು. ಮೆಲ್ಲಕ ಬಿಡಸಿದೆ, ಮ್ಯಾಲಿನ ಹೊಳಪು ಒಂದು ಮೂಲ್ಯಾಗ ಕಿತ್ತು ಬಂತು, ಗ್ರಿಫಿ ಟೊಪಗಿ ಮ್ಯಾಲೆ ಒಂದು ಬಿಳಿ ಕಲಿ. ಹಳೇ ಹಾಳಿ ಪಿವಿಸಿ ಇರತಾವ, ಅದರಿಂದ ಹಂಗ ಆಗತೈತಿ. ತಗೊಳ್ಳುವಾಗ ಪಿವಿಸಿ ಇಲ್ಲ ಅಂತ ಬರದಿದ್ದನ್ನ ನೋಡಿ ತಗೊಳ್ರಿ, ಗ್ಯಾರೇಜು, ಅಟ್ಟ ಎರಡೂ ಬ್ಯಾಡ, ಮನಿ ಒಳಗ ಬಿಸಲು ಬೀಳದ ಕಪಾಟಿನ್ಯಾಗ ಇಡ್ರಿ.

ಬೈಂಡರ್ ರಿಂಗ್ ಗುಂಡಗಿರೂದು ಬ್ಯಾಡ, ಇಂಗ್ಲಿಷ್ ಡಿ ಅಕ್ಷರದ ಆಕಾರದ್ದು ತಗೋರಿ. ಗುಂಡನ ರಿಂಗಿನ್ಯಾಗ ಒಳಗಿನ ಸಾಲಿನ ಕಾರ್ಡು ಮಡಚತಾವ. ಸ್ವಲ್ಪ ಬೆಲಿ ಇದ್ದಿದ್ದನ್ನ ಮೊದಲ ತೆಳ್ಳನ ಪ್ಲಾಸ್ಟಿಕ್ ಕವರು, ಪೆನ್ನಿ ಸ್ಲೀವ್‌ದಾಗ ಹಾಕಿ ಆಮ್ಯಾಲೆ ಗಟ್ಟಿ ಪ್ಲಾಸ್ಟಿಕ್ ಟಾಪ್‌ಲೋಡರಿನ್ಯಾಗ ಇಳಸ್ರಿ, ಸ್ಲೀವ್ ಇಲ್ಲದ ಹಾಂಗ ಟಾಪ್‌ಲೋಡರಿಗೆ ಹಾಕಿದ್ರ ಗೀರು ಬೀಳತೈತಿ. ಟಪಾಲಿನ್ಯಾಗ ಕಳಸೂ ಮುಂದ ಮ್ಯಾಲೆ ಬಣ್ಣ ಹಚ್ಚೋರು ಬಳಸೂ ನೀಲಿ ಟೇಪ್ ಹಚ್ಚರಿ, ಸಾದಾ ಟೇಪು ಅಂಟು ಬಿಟ್ಟು ಹೋಗತೈತಿ. ಇನ್ನ ಟಾಪ್ಸಿನ 1952ರಿಂದ 56ರ ತನಕದ ದೊಡ್ಡ ಕಾರ್ಡು ಒಂಬತ್ತು ಕಿಸೆದಾಗ ಕೂಡೂದಿಲ್ರಿ, ಅದಕ್ಕ ಎಂಟು ಕಿಸೆದ ಹಾಳಿ ಬ್ಯಾರೆ ಸಿಗತಾವ.

ಆ ಗ್ರಿಫಿ ಕಾರ್ಡು ಇನ್ನೂ ನನ್ನ ಹತ್ರನ ಐತಿ. ಹೊಸಾದು ತಗೋಬಹುದಿತ್ತು, ಮನಸ್ಸಾಗಲಿಲ್ಲ.

---

ಕ್ಯಾಂಡಲ್‌ಸ್ಟಿಕ್_ಹುಡುಗಿ

ಅಣ್ಣಾ, ನಿಮ್ಮ ಮಗಳ ಬಗ್ಗೆ ಓದಿ ತುಂಬಾ ಖುಷಿ ಆಯ್ತು, ಯಾಕಂದ್ರೆ ನಾನೂ ಅವಳ ವಯಸ್ಸಲ್ಲಿ ಹಂಗೇ ಇದ್ದೆ. ನಾವು ಮೈಸೂರಿಂದ ಬಂದಾಗ ನನಗೆ ಆರು ವರ್ಷ. ಅಪ್ಪ ನನ್ನನ್ನ ಕ್ಯಾಂಡಲ್‌ಸ್ಟಿಕ್‌ಗೆ ಕರ್ಕೊಂಡು ಹೋಗ್ತಿದ್ರು, ಬೇಸಿಗೇಲೂ ಅಲ್ಲಿ ಸಮುದ್ರದ ಕಡೆಯಿಂದ ಎಂಥಾ ಚಳಿಗಾಳಿ ಅಂದ್ರೆ ಅಮ್ಮ ಸ್ವೆಟರ್ ಮೇಲೆ ಶಾಲು ಸುತ್ತಿ ಡಬ್ಬೀಲಿ ಚಿತ್ರಾನ್ನ ಹಾಕಿ ಕಳಿಸೋರು.

ಫ್ರೀಮಾಂಟ್ ಸರ್ ಒಂದು ವಿಷಯ ಬಿಟ್ಟಿದಾರೆ, ಜೈಂಟ್ಸ್ ಕೂಡಿಸೋರು ಇದನ್ನ ಬಿಡೋ ಹಾಗೇ ಇಲ್ಲ, ಮದರ್ಸ್ ಕುಕೀಸ್ ಕಾರ್ಡು! ಓಕ್‌ಲ್ಯಾಂಡಲ್ಲಿದ್ದ ಬಿಸ್ಕತ್ ಕಂಪನಿ, ಎಂಬತ್ತರ ದಶಕದಿಂದ ವರ್ಷಕ್ಕೊಂದು ಮ್ಯಾಚಲ್ಲಿ ಸ್ಟೇಡಿಯಮಲ್ಲೇ ಹಂಚ್ತಿದ್ರು. ಮೂಲೆಗಳು ದುಂಡಗೆ ಕತ್ತರಿಸಿರ್ತಾರೆ, ಇಸ್ಪೀಟ್ ಎಲೆ ಥರ, ಮುಂದುಗಡೆ ದೊಡ್ಡ ಫೋಟೋ, ಕೆಳಗೆ ಮೂಲೇಲಿ ಹೆಸರು, ಅಷ್ಟೇ, ಬೇರೆ ಡಿಸೈನ್ ಗಿಸೈನ್ ಏನಿಲ್ಲ, ನನಗೆ ಇವತ್ತಿಗೂ ಅದಕ್ಕಿಂತ ಚೆಂದದ ಕಾರ್ಡ್ ಇಲ್ಲ ಅನ್ಸತ್ತೆ. ಸೆಟ್ಟಲ್ಲಿ 28 ಕಾರ್ಡು, ಗೇಟಲ್ಲಿ ಕೊಡ್ತಿದ್ದಿದ್ದು 20. ಮಿಕ್ಕ ಎಂಟಕ್ಕೆ ಒಂದು ಚೀಟಿ ಕೊಡೋರು, ಅದನ್ನ ಕಳಿಸಿದ್ರೆ ಇನ್ನೂ ಎಂಟು ಬರೋದು, ಆದ್ರೆ ನಮ್ಮ ಹತ್ರ ಇಲ್ಲದ ಎಂಟೇ ಬರ್ತಿರ್ಲಿಲ್ಲ. ಹಾಗಾಗಿ ಸೆಟ್ ಮುಗಿಸ್ಬೇಕು ಅಂದ್ರೆ ಬೇರೆಯೋರ ಜೊತೆ ಬದಲಾಯಿಸ್ಕೊಳ್ಳಲೇಬೇಕು. ಏಳನೇ ಇನ್ನಿಂಗ್ಸಲ್ಲಿ ಎಲ್ರೂ ಎದ್ದು ನಿಲ್ತಾರಲ್ಲ, ಆಗ ನಾನು ಹಿಂದಿನ ಸಾಲು ಮುಂದಿನ ಸಾಲು ಓಡಾಡಿ ಗುರುತಿಲ್ಲದವ್ರ ಹತ್ರ ಕೇಳ್ತಿದ್ದೆ, ಇಂಗ್ಲಿಷ್ ಸರಿಯಾಗಿ ಬರ್ತಿರ್ಲಿಲ್ಲ, ನನ್ನ ಡಬಲ್ ಕಾರ್ಡ್ ತೋರಿಸಿ ಬೇಕಾದ ಹೆಸರು ಹೇಳೋದು ಅಷ್ಟೇ. ನಾನು ಇಂಗ್ಲಿಷ್ ಮಾತಾಡೋಕೆ ಧೈರ್ಯ ಮಾಡಿದ್ದು ಅಲ್ಲೇ.

1989ರ ಅಕ್ಟೋಬರ್ 17, ವರ್ಲ್ಡ್ ಸೀರೀಸ್ ಮೂರನೇ ಮ್ಯಾಚು, ನಮ್ಮ ಜೈಂಟ್ಸ್ ಮೇಲೆ ಓಕ್‌ಲ್ಯಾಂಡ್ ಎ'ಸ್, ಟಿಕೆಟ್ ಸಿಗದೆ ಅಪ್ಪ ನಾನು ಟಿವಿ ಮುಂದೆ ಕೂತಿದ್ವಿ. ಸಂಜೆ 5:04ಕ್ಕೆ ಭೂಕಂಪ. ಟಿವಿ ಹೋಯ್ತು, ದೀಪ ಹೋಯ್ತು, ಅಮ್ಮ ಅಡಿಗೆಮನೆಯಿಂದ ಓಡಿ ಬಂದು ನನ್ನನ್ನ ಮೇಜಿನ ಕೆಳಗೆ ಎಳ್ಕೊಂಡ್ರು. ನನ್ನ ಕೈಲಿ ಆಗ ಆ ವರ್ಷದ ಮದರ್ಸ್ ಕುಕೀಸ್ ಕಾರ್ಡುಗಳಿದ್ವು, ವಿಲ್ ಕ್ಲಾರ್ಕ್ ಕಾರ್ಡ್ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೆ ಅಂದ್ರೆ ಮಧ್ಯದಲ್ಲಿ ಒಂದು ಮಡಿಕೆ ಬಿದ್ದಿದೆ. ಹತ್ತು ದಿನ ಬಿಟ್ಟು ಮ್ಯಾಚ್ ಮತ್ತೆ ಶುರು ಆಯ್ತು, ಮೊದಲಿನ ಎರಡೂ ಸೇರಿ ಒಟ್ಟು ನಾಲ್ಕೂ ಸೋತ್ವಿ. ಅಪ್ಪ ಈಗ ಇಲ್ಲ. ಆ ಮಡಿಕೆ ಬಿದ್ದ ಕಾರ್ಡ್ ಎಷ್ಟು ದುಡ್ಡು ಕೊಟ್ರೂ ಕೊಡಲ್ಲ.

ಮಗಳಿಗೆ ಇನ್ನೊಂದು ಹೇಳಿ, ಮ್ಯಾಚಿಗೆ ಮುಂಚೆ ಗೇಟ್ ತೆಗೆದ ತಕ್ಷಣ ಒಳಗೆ ಹೋಗಿ ಮೈದಾನದ ಅಂಚಲ್ಲಿ ಕಾರ್ಡು, ನೀಲಿ ಪೆನ್ನು ಹಿಡ್ಕೊಂಡು ನಿಂತ್ರೆ ಆಟಗಾರರು ಮಕ್ಕಳಿಗೆ ಸಹಿ ಹಾಕಿಕೊಡ್ತಾರೆ. ಮಾರ್ಚಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲಲ್ಲಿ ಸ್ಪ್ರಿಂಗ್ ಟ್ರೈನಿಂಗ್, ಅಂದ್ರೆ ಸೀಸನ್ ಮುಂಚಿನ ಅಭ್ಯಾಸ, ನಡೆಯತ್ತೆ, ಅಲ್ಲಿ ಇನ್ನೂ ಸುಲಭ.

---

ನ್ಯೂಜೆರ್ಸಿ_ಬಸವನಗುಡಿ

ಎಲ್ಲಾ ಚೆನ್ನಾಗಿ ಹೇಳಿದೀರಾ, ಆದ್ರೆ ದುಡ್ಡಿನ ಕಡೆಯಿಂದಾನೂ ಒಬ್ರು ಮಾತಾಡ್ಬೇಕಲ್ವಾ. 1952ರ ಟಾಪ್ಸ್ ಮಿಕ್ಕಿ ಮ್ಯಾಂಟಲ್ ಕಾರ್ಡು, 311ನೇ ನಂಬರ್, 2022ರ ಆಗಸ್ಟಲ್ಲಿ 12.6 ಮಿಲಿಯನ್ ಡಾಲರಿಗೆ ಹರಾಜಾಯ್ತು. ಆ ಸೆಟ್ಟಿನ ಕೊನೇ ಕಂತು, 311ರಿಂದ 407ರ ತನಕ, ಸೀಸನ್ ಮುಗಿಯೋ ಹೊತ್ತಿಗೆ ಬಂತು, ಯಾರೂ ಕೊಳ್ಳಲಿಲ್ಲ. ಉಳಿದ ಪೆಟ್ಟಿಗೆಗಳು ಗೋಡೌನಲ್ಲಿ ಜಾಗ ತಿಂತಿದ್ವು ಅಂತ 1960ರಲ್ಲಿ ಟಾಪ್ಸಿನ ಸೈ ಬರ್ಗರ್ ಅದನ್ನೆಲ್ಲ ದೋಣೀಲಿ ಹಾಕಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ರು. ಅದಕ್ಕೇ ಉಳಿದಿದ್ದಕ್ಕೆ ಈ ಬೆಲೆ. ಮೇಸ್ 261ನೇ ನಂಬರ್, ಆ ಕಂತಲ್ಲಿ ಇಲ್ಲ, ಆದ್ರೂ ಅಸಲಿ ಅಂದ್ರೆ ಸಾವಿರಗಟ್ಟಲೆ ಡಾಲರ್ ಆಗತ್ತೆ. ಹಾಗಾಗಿ ಅಂಥ ಹಳೇ ಕಾರ್ಡು ತಗೊಳ್ಳೋದಾದ್ರೆ ಪಿಎಸ್‌ಎ, ಎಸ್‌ಜಿಸಿ ಥರದವ್ರು ಪರೀಕ್ಷೆ ಮಾಡಿ ಪ್ಲಾಸ್ಟಿಕ್ ಪೆಟ್ಟಿಗೇಲಿ ಸೀಲ್ ಮಾಡಿರೋದನ್ನೇ ತಗೊಳ್ಳಿ ಸರ್, ಇಲ್ದಿದ್ರೆ ಮತ್ತೆ ಇದೇ ಕಥೆ ಆಗತ್ತೆ. ಮಗಳ ಒಳ್ಳೇ ಕಾರ್ಡುಗಳನ್ನೂ ಹಾಗೇ ಪರೀಕ್ಷೆ ಮಾಡಿಸೋಕೆ, ಅಂದ್ರೆ ಗ್ರೇಡಿಂಗಿಗೆ ಕಳಿಸಿ, ಮುಂದೆ ಕಾಲೇಜಿಗೆ ಆಗಬಹುದು.

---

ಫ್ರೀಮಾಂಟ್_24

ನ್ಯೂಜೆರ್ಸಿ ಸರ್, ಮೇಸ್ ಥರದ ಕಾರ್ಡಿಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ, ಮೋಸ ಆಗೋದು ಅಲ್ಲೇ. ಆದ್ರೆ ಈಗಿನ ಸಾಮಾನ್ಯ ಕಾರ್ಡನ್ನ ಗ್ರೇಡಿಂಗಿಗೆ ಕಳಿಸಿದ್ರೆ ಕಾರ್ಡಿನ ಬೆಲೆಗಿಂತ ಫೀಸೇ ಜಾಸ್ತಿ. ಮತ್ತೆ ಆ ಪ್ಲಾಸ್ಟಿಕ್ ಪೆಟ್ಟಿಗೆ ಬೈಂಡರಲ್ಲಿ ಕೂರಲ್ಲ. ಟೀಮ್ ಕೂಡಿಸೋರಿಗೆ ಹಾಳೆ ತಿರುವಿದಾಗ ಒಂಬತ್ತು ಮುಖ ಒಟ್ಟಿಗೆ ಕಾಣ್ಬೇಕು, ಅದ್ರಲ್ಲಿ ಒಂದು ಜಾಗ ಖಾಲಿ ಬಿದ್ರೆ ಹಲ್ಲು ಬಿದ್ದಂಗೆ ಕಾಣತ್ತೆ. ಕಾಲೇಜಿಗೆ ಬೇರೆ ಉಳಿತಾಯ ಮಾಡೋಣ. 87ರಿಂದ 93ರ ತನಕ ಕಾಲೇಜಿಗೆ ಅಂತ ಕೊಂಡೋರ ಪೆಟ್ಟಿಗೆಗಳೇ ಈಗ ನಮಗೆ ಹತ್ತು ಸೆಂಟಿಗೆ ಸಿಗ್ತಿರೋದು.

ಇನ್ನೊಂದು ಎಚ್ಚರಿಕೆ ಹೇಳೋಕೆ ಮರೆತೆ. ಈಗ ಒಂದೇ ಫೋಟೋನ ಹತ್ತಾರು ಬಣ್ಣದ ಅಂಚಲ್ಲಿ ಬಿಡ್ತಾರೆ, ಪ್ಯಾರಲಲ್ ಅಂತಾರೆ, ಹಿಂದೆ 99ರಲ್ಲಿ ಇಷ್ಟನೇದು, 25ರಲ್ಲಿ ಇಷ್ಟನೇದು ಅಂತ ನಂಬರ್ ಒತ್ತಿರ್ತಾರೆ, ಕೆಲವು ಪ್ರಪಂಚಕ್ಕೇ ಒಂದೇ ಒಂದು. ಅದೆಲ್ಲ ಬೇಕು ಅಂತ ಹೊರಟ್ರೆ ಮುಗಿಯೋ ಮಾತೇ ಇಲ್ಲ. ನಾನು ಒಂದಕ್ಕೆ ಮಾತ್ರ ಸೋಲ್ತೀನಿ, ಟಾಪ್ಸಿನೋರ ಹೊಳೆಯೋ ಕಾರ್ಡಿನ ಸೆಟ್ ಕ್ರೋಮಲ್ಲಿ ಕಿತ್ತಳೆ ಅಂಚಿನದ್ದು, 25 ಮಾತ್ರ ಮಾಡ್ತಾರೆ, ನಮ್ಮ ಟೀಮಿನ ಕಪ್ಪು ಕಿತ್ತಳೆ ಡ್ರೆಸ್ಸಿಗೆ ಅದು ಎಷ್ಟು ಒಪ್ಪತ್ತೆ ಅಂದ್ರೆ, ವರ್ಷಕ್ಕೊಂದು, ಯಾರಾದ್ರೂ ಚಿಕ್ಕ ಆಟಗಾರನದ್ದು, ತಗೋತೀನಿ.

---

ಸನ್ನಿವೇಲ್_ಹಾಸನ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರಾ ಅಂದ್ಕೊಂಡಿರ್ಲಿಲ್ಲ. ಎಲ್ಲಾ ಉತ್ತರಾನೂ ಮಗಳಿಗೆ ಓದಿ ಹೇಳಿದೆ, ಅವಳಿಗೆ ಕನ್ನಡ ಅರ್ಥ ಆಗತ್ತೆ ಓದೋಕೆ ಬರಲ್ಲ, ಭೂಕಂಪದ ಕಥೆ ಎರಡು ಸಲ ಓದಿಸಿದ್ಲು.

ಕಾರ್ಡ್ ಅಳತೆ ಮಾಡಿದೆ. ಮೂರೂವರೆ ಇಂಚು, ಸರಿಯಾಗಿ. ಹಿಂದೆ ಕೆಳಗಡೆ ಸಣ್ಣಕ್ಷರದಲ್ಲಿ ರಿಪ್ರಿಂಟ್ ಅಂತಲೇ ಇದೆ, ನಾನು ನೋಡೇ ಇರ್ಲಿಲ್ಲ. ಬೇಜಾರಾಯ್ತು. ಮಗಳಿಗೆ ಇದ್ದಿದ್ದನ್ನ ಇದ್ದ ಹಾಗೇ ಹೇಳಿದೆ, ಅವಳು ಸ್ವಲ್ಪ ಹೊತ್ತು ಅದನ್ನ ಹಿಡ್ಕೊಂಡು ನೋಡಿ, ಇದು ನ್ಯೂಯಾರ್ಕಿಂದು, ಹೆಂಗೂ ನಮ್ಮ ಬೈಂಡರಿಗೆ ಬರಲ್ಲ ಅಲ್ವಾ ಅಪ್ಪ, ಗೋಡೆಗೆ ಹಾಕೋಣ ಅಂದ್ಲು. ಅವಳ ಓದೋ ಮೇಜಿನ ಮೇಲೆ ಫ್ರೇಮ್ ಹಾಕಿ ಇಟ್ಟಿದೀವಿ. ಬಾಂಡ್ಸ್ ವಿಷಯದಲ್ಲಿ ನಾನು ಸೋತೆ, ಪೈರೇಟ್ಸ್ ಹೊರಗೆ.

ಶನಿವಾರ ಹತ್ತಿರದಲ್ಲೇ ಒಂದು ಹಾಲಲ್ಲಿ ಚಿಕ್ಕ ಕಾರ್ಡ್ ಶೋ ಇತ್ತು, ಹೋಗಿದ್ವಿ. ಫ್ರೀಮಾಂಟ್ ಸರ್ ಹೇಳಿದ ಹಾಗೇ ಮೇಜಿನ ಕೆಳಗಿನ ಡಬ್ಬಿ ಎಳ್ಕೊಂಡು ನೆಲದ ಮೇಲೆ ಕೂತಳು, ಎರಡು ಗಂಟೆ ಎದ್ದೇಳಲಿಲ್ಲ, ಬೆರಳ ತುದಿ ಎಲ್ಲ ಧೂಳಿಗೆ ಕಪ್ಪಗಾಗಿತ್ತು. ನಲವತ್ತಮೂರು ಜೈಂಟ್ಸ್ ಸಿಕ್ತು. 1987ರ ಮರದ ಅಂಚಿನದ್ದೇ ಹದಿನಾಲ್ಕು, ವಿಲ್ ಕ್ಲಾರ್ಕ್ ಸೇರಿ. ಹೊರಡೋಣ ಅಂತ ಎದ್ದಾಗ ಕೊನೇ ಡಬ್ಬೀಲಿ ಇಶಿಕಾವಾ ಸಿಕ್ಕಿದ್ರು ಸರ್! ಅಕ್ಕಾ, ನಿಮ್ಮ ಮದರ್ಸ್ ಕುಕೀಸ್ ಒಂದೂ ಸಿಗ್ಲಿಲ್ಲ, ಅಲ್ಲಿದ್ದ ಒಬ್ರು ಮುಂದಿನ ತಿಂಗಳು ತರ್ತೀನಿ ಅಂದಿದಾರೆ, 1989ರ ಸೆಟ್ಟೇ ಬೇಕು ಅಂತ ಹೇಳಿ ಬಂದಿದಾಳೆ.

ಹುಬ್ಬಳ್ಳಿ ಸರ್, ಪಿವಿಸಿ ಇಲ್ಲದ ಹಾಳೆ, ಡಿ ರಿಂಗ್ ಬೈಂಡರ್ ಎರಡೂ ತಂದ್ವಿ. ನಿಮಗೊಂದು ಮಾತು, ಶೂ ಡಬ್ಬೀಲಿ ಮ್ಯಾರಿನರ್ಸ್ ಕಾರ್ಡು ಹದಿನೆಂಟು ಇದೆ, ಮಗಳು ಬೇರೆ ಮಾಡಿ ಸ್ಲೀವ್ ಹಾಕಿ ಇಟ್ಟಿದಾಳೆ, ಸಿಯಾಟಲ್ ಅಂಕಲ್‌ಗೆ ಕಳಿಸೋಣ ಅಂತ. ಅಡ್ರೆಸ್ ಮೆಸೇಜ್ ಮಾಡಿ.

---

ಹುಬ್ಬಳ್ಳಿ_ಟು_ಸಿಯಾಟಲ್

ಮೆಸೇಜ್ ಮಾಡೀನ್ರಿ. ನನ್ನ ಕಡೆ ಜೈಂಟ್ಸ್ ಇಪ್ಪತ್ತೆರಡು ಅದಾವ, ಬಹಳಷ್ಟು 2010, 2012ರವು, ನೀವು ಕಪ್ ಗೆದ್ದ ವರ್ಷದವು. ಪ್ಯಾಬ್ಲೋ ಸ್ಯಾಂಡೋವಲ್ ಮೂರು ಅದಾವ ಅದರಾಗ. ಮಗಳ ಕಡೆ ಯಾವ್ಯಾವ ಇಲ್ಲ ಅಂತ ಪಟ್ಟಿ ಬರಸಿ ಕಳಸ್ರಿ, ನೋಡಿ ಹಾಕತೀನಿ. ನೀಲಿ ಟೇಪ್ ಮರೀಬ್ಯಾಡ್ರಿ.